ಈಜುಕೊಳದ ಫಿಲ್ಟರಿಗೆ ಮುನ್ನ ಒಂದು ಬಟ್ಟೆಯ ಚೀಲ
ಮಾಲೂರಿನ ಧೂಳು, ಟ್ಯಾಂಕರ್ ನೀರು ಮತ್ತು ಸಣ್ಣ ಹೊಲಿಗೆ ಘಟಕಗಳಿಗೊಂದು ಅವಕಾಶ

ಮಾಲೂರು ತಾಲ್ಲೂಕಿನ ಹೆಸರು ಹೇಳಿದೊಡನೆ ವ್ಯಾಪಾರಸ್ಥರಿಗೆ ನೆನಪಾಗುವುದು ಹೆಂಚು, ಇಟ್ಟಿಗೆ, ಹೂವು ಮತ್ತು ನೀಲಗಿರಿ ಮರ. ಇತ್ತೀಚಿನ ವರ್ಷಗಳಲ್ಲಿ ಈ ಪಟ್ಟಿಗೆ ಮತ್ತೊಂದು ಸೇರಿದೆ. ಬೆಂಗಳೂರು ಮಹಾನಗರದ ಅಂಚು ಪೂರ್ವಕ್ಕೆ ಸರಿಯುತ್ತ ಬಂದಂತೆಲ್ಲ ಚಿಕ್ಕತಿರುಪತಿಯ ಸುತ್ತಮುತ್ತ ಹಾಗೂ ಹೊಸಕೋಟೆ ರಸ್ತೆಯ ಆಸುಪಾಸಿನಲ್ಲಿ ತೋಟದ ಮನೆಗಳೂ ಬಡಾವಣೆಗಳೂ ತಲೆಯೆತ್ತಿವೆ. ಅವುಗಳಲ್ಲಿ ಕೆಲವಕ್ಕೆ ಸ್ವಂತದ ಈಜುಕೊಳವೂ ಇದೆ. ಇಟ್ಟಿಗೆ ಗೂಡಿನ ಧೂಳು ಮತ್ತು ಮಸಿ, ನೀಲಗಿರಿ ಹೂವಿನ ಕೂದಲಿನಂಥ ಕೇಸರ, ಹುಣಸೆಯ ಕಿರು ಎಲೆ ಇವೆಲ್ಲವೂ ಗಾಳಿಯಲ್ಲಿ ತೇಲಿಬಂದು ಆ ತಿಳಿನೀರಿನ ಮೇಲೆ ಇಳಿಯುತ್ತವೆ. ಹಳೆಯ ಉದ್ಯಮದ ಧೂಳು ಹೊಸ ಸೌಕರ್ಯದ ಮೇಲೆ ಬೀಳುವ ಈ ಸಂದರ್ಭದಲ್ಲಿ ಒಂದು ಚಿಕ್ಕ ವ್ಯಾಪಾರವೂ, ಅದಕ್ಕಿಂತ ದೊಡ್ಡದಾದ ನೀರಿನ ಪ್ರಶ್ನೆಯೂ ಅಡಗಿವೆ.

ನೀರಿನ ಪ್ರಶ್ನೆಯನ್ನು ಮೊದಲು ಹೇಳುವುದು ಉಚಿತ. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಅಂತರ್ಜಲವನ್ನು ಮರುಪೂರಣಕ್ಕಿಂತ ಹೆಚ್ಚಾಗಿ ಮೇಲೆತ್ತುತ್ತಿರುವ ಪ್ರದೇಶಗಳ ಪಟ್ಟಿಯಲ್ಲಿ ಇಲ್ಲಿನ ತಾಲ್ಲೂಕುಗಳು ಬಹುಕಾಲದಿಂದ ಇವೆ. ಸಾವಿರ ಅಡಿ ಕೊರೆದರೂ ನೀರು ಕಾಣದ ಕೊಳವೆಬಾವಿಗಳ ಕಥೆ ಇಲ್ಲಿ ಯಾರಿಗೂ ಹೊಸದಲ್ಲ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಬೆಂಗಳೂರಿನ ಸಂಸ್ಕರಿತ ತ್ಯಾಜ್ಯನೀರನ್ನು ಜಿಲ್ಲೆಯ ಕೆರೆಗಳಿಗೆ ಹರಿಸಲು ಆರಂಭಿಸಿದ್ದು ಈ ಕೊರತೆಯ ಕಾರಣದಿಂದಲೇ. ಇಂಥ ನೆಲದಲ್ಲಿ ಮನೆಗೊಂದು ಈಜುಕೊಳ ಬೇಕೇ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆ ಅನ್ಯಾಯದ್ದೇನೂ ಅಲ್ಲ. ಆದರೆ ಕೊಳಗಳು ಈಗಾಗಲೇ ಕಟ್ಟಿಯಾಗಿವೆ. ಅವು ಎಷ್ಟು ನೀರನ್ನು ಚರಂಡಿಗೆ ಬಿಡುತ್ತವೆ ಎಂಬುದಷ್ಟೇ ಇನ್ನು ನಮ್ಮ ಕೈಯಲ್ಲಿ ಉಳಿದಿರುವ ವಿಷಯ.

ಬ್ಯಾಕ್‌ವಾಶ್ ಎಂಬ ಖರ್ಚು

ಮನೆಯ ಈಜುಕೊಳಗಳಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವುದು ಮರಳಿನ ಫಿಲ್ಟರ್. ದೊಡ್ಡ ಹಂಡೆಯಂಥ ಪಾತ್ರೆಯಲ್ಲಿ ಸುಮಾರು ಅರ್ಧ ಮಿಲಿಮೀಟರ್ ಗಾತ್ರದ ಸಿಲಿಕಾ ಮರಳನ್ನು ತುಂಬಿರುತ್ತಾರೆ. ಪಂಪು ಕೊಳದ ನೀರನ್ನು ಎಳೆದು ಈ ಮರಳಿನ ಮೂಲಕ ದಾಟಿಸುತ್ತದೆ. ಮರಳಿನ ಸಂದುಗಳಲ್ಲಿ ಕಸ ಸಿಕ್ಕಿಕೊಂಡಂತೆಲ್ಲ ಫಿಲ್ಟರಿನ ಮೇಲಿರುವ ಒತ್ತಡಮಾಪಕದ ಮುಳ್ಳು ಏರುತ್ತದೆ. ಶುಚಿಯಾಗಿದ್ದಾಗಿನ ಅಂಕಿಗಿಂತ ಅದು ಅರ್ಧದಿಂದ ಮುಕ್ಕಾಲು ಬಾರ್‌ನಷ್ಟು ಮೇಲೇರಿತೆಂದರೆ ನೀರನ್ನು ಹಿಮ್ಮುಖವಾಗಿ ಹರಿಸಿ, ಮರಳನ್ನು ಕದಡಿ, ಕೊಳೆಯನ್ನು ಹೊರಗೆ ಚೆಲ್ಲಬೇಕಾಗುತ್ತದೆ. ಇದೇ ಬ್ಯಾಕ್‌ವಾಶ್. ಚೆಲ್ಲುವುದು ಕೊಳೆಯನ್ನು ಮಾತ್ರವಲ್ಲ. ಕ್ಲೋರಿನ್ ಹಾಕಿ, ಆಮ್ಲ ಹಾಕಿ ಹದಗೊಳಿಸಿದ ನೀರನ್ನೂ ಸಹ.

ಲೆಕ್ಕ ಹಾಕಿ ನೋಡಬಹುದು. 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ 1.4 ಮೀಟರ್ ಆಳದ ಕೊಳದಲ್ಲಿ ಸುಮಾರು 45,000 ಲೀಟರ್ ನೀರು ಹಿಡಿಯುತ್ತದೆ. ಅದಕ್ಕೆ ತಕ್ಕ ಪಂಪು ನಿಮಿಷಕ್ಕೆ 150 ಲೀಟರ್ ನೂಕುತ್ತದೆಂದು ಇಟ್ಟುಕೊಳ್ಳೋಣ. ಮೂರು ನಿಮಿಷದ ಬ್ಯಾಕ್‌ವಾಶ್ ಹಾಗೂ ಒಂದು ನಿಮಿಷದ ತೊಳೆತ ಸೇರಿದರೆ ಒಂದು ಸಲಕ್ಕೆ 600 ಲೀಟರ್. ಧೂಳಿನ ಊರಿನಲ್ಲಿ ವಾರಕ್ಕೆ ಎರಡು ಬಾರಿ ಹೀಗೆ ಮಾಡುವ ಮನೆಯಲ್ಲಿ ವರ್ಷಕ್ಕೆ 62,400 ಲೀಟರ್ ನೀರು ಚರಂಡಿಯ ಪಾಲಾಗುತ್ತದೆ. ಅಂದರೆ ಕೊಳ ತುಂಬಿಸಲು ಬೇಕಾದ ನೀರಿಗಿಂತ ಅದನ್ನು ಶುಚಿಯಾಗಿಡಲು ಚೆಲ್ಲುವ ನೀರೇ ಹೆಚ್ಚು! ವಾರಕ್ಕೆ ಎರಡು ಬಾರಿಯ ಬದಲು ಒಂದೇ ಬಾರಿ ಸಾಕೆಂಬಂತಾದರೆ 31,200 ಲೀಟರ್ ಉಳಿಯುತ್ತದೆ. 6,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಐದು ಟ್ಯಾಂಕರ್‌ಗಿಂತ ತುಸು ಹೆಚ್ಚು. ಬೇಸಿಗೆಯಲ್ಲಿ ಟ್ಯಾಂಕರ್ ತರಿಸಿದವರಿಗೆ ಇದರ ಬೆಲೆ ವಿವರಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಸಂಗತಿಯನ್ನು ಕೊಳದ ನಿರ್ವಾಹಕರು ಮರೆಯುವುದುಂಟು. ಮರಳಿನ ಫಿಲ್ಟರ್ ಅತಿ ಶುಚಿಯಾಗಿದ್ದಾಗ ಹಿಡಿಯುವುದಕ್ಕಿಂತ ತುಸು ಕೊಳೆಯಾದ ಮೇಲೆ ಹೆಚ್ಚು ಸೂಕ್ಷ್ಮವಾದ ಕಣಗಳನ್ನು ಹಿಡಿಯುತ್ತದೆ. ಸಿಕ್ಕಿಕೊಂಡ ಕಣಗಳೇ ಮುಂದಿನ ಕಣಗಳಿಗೆ ಜರಡಿಯಾಗುತ್ತವೆ. ಆದ್ದರಿಂದ ಮುಳ್ಳನ್ನು ನೋಡದೆ ವಾರದ ಅಭ್ಯಾಸಕ್ಕಾಗಿ ಬ್ಯಾಕ್‌ವಾಶ್ ಮಾಡುವುದರಿಂದ ನೀರೂ ನಷ್ಟ, ತಿಳಿಯೂ ನಷ್ಟ.

ಬುಟ್ಟಿಗೆ ತೊಡಿಸುವ ಚೀಲ

ಕೊಳದ ಗೋಡೆಯಲ್ಲಿ ನೀರಿನ ಮಟ್ಟಕ್ಕೆ ಇರುವ ಚೌಕಾಕಾರದ ಬಾಯಿಗೆ ಸ್ಕಿಮ್ಮರ್ ಎಂದು ಹೆಸರು. ಮೇಲ್ಮೈಯಲ್ಲಿ ತೇಲುವ ಕಸ ಇದರೊಳಕ್ಕೆ ಹರಿದು ಪ್ಲಾಸ್ಟಿಕ್ ಬುಟ್ಟಿಯಲ್ಲಿ ನಿಲ್ಲುತ್ತದೆ. ಆದರೆ ಆ ಬುಟ್ಟಿಯ ತೂತುಗಳು ಕೆಲವು ಮಿಲಿಮೀಟರ್ ಅಗಲವಿರುತ್ತವೆ. ಹಲಸಿನ ಎಲೆ, ಮಾವಿನ ಎಲೆ ನಿಲ್ಲುತ್ತದೆ; ಹುಣಸೆಯ ಎಲೆ ನುಸುಳುತ್ತದೆ. ಗುಲ್‌ಮೊಹರ್ ಮರದ ಕಿರು ಎಲೆಗಳು, ಬೇವಿನ ಹೂವು, ಹೊಂಗೆಯ ಹೂವಿನ ಎಸಳು, ಮಾವಿನ ಹೂಗೊಂಚಲಿನ ಪುಡಿ, ಸರ್ವೆ ಮರದ ಸೂಜಿ, ಸತ್ತ ಸೊಳ್ಳೆ, ಈಜುವವರ ಕೂದಲು ಎಲ್ಲವೂ ನುಸುಳಿ ನೇರವಾಗಿ ಮರಳಿನ ಮೇಲ್ಪದರಕ್ಕೆ ಹೋಗಿ ಹೆಪ್ಪುಗಟ್ಟುತ್ತವೆ. ಅಲ್ಲಿ ಕೊಳೆಯುತ್ತ ಕ್ಲೋರಿನನ್ನೂ ತಿನ್ನುತ್ತವೆ.

ನೀಲಗಿರಿಯ ಕಥೆ ಬೇರೆಯೇ. 1790ರ ಸುಮಾರಿಗೆ ಟಿಪ್ಪು ಸುಲ್ತಾನನ ಕಾಲದಲ್ಲಿ ನಂದಿಬೆಟ್ಟದ ತೋಟಕ್ಕೆ ಬಂದ ಈ ಆಸ್ಟ್ರೇಲಿಯಾದ ಮರ ಮುಂದೆ ಕೋಲಾರದ ಬಯಲನ್ನೇ ಆವರಿಸಿತು. ನೀರನ್ನು ಹೀರುತ್ತದೆಂಬ ದೂರಿನ ಮೇಲೆ 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೆಡುವುದನ್ನು ನಿಷೇಧಿಸಿತು. ಅದರ ಹೂವಿಗೆ ತೋರಿಕೆಯ ದಳಗಳಿಲ್ಲ, ಕುಚ್ಚಿನಂತೆ ಕೇಸರಗಳಿವೆ. ಉದುರಿದಾಗ ಒಂದೊಂದು ಕೇಸರವೂ ಒಂದೊಂದು ಬಿಳಿಯ ಕೂದಲು. ಬುಟ್ಟಿಯ ತೂತು ಅದಕ್ಕೆ ಹೆಬ್ಬಾಗಿಲಿದ್ದಂತೆ.

ಇದಕ್ಕೆ ಪರಿಹಾರ ತೀರ ಸರಳ. ಬುಟ್ಟಿಗೆ ಸೂಕ್ಷ್ಮ ಜಾಲರಿಯ ಬಟ್ಟೆಯ ಚೀಲವೊಂದನ್ನು ತೊಡಿಸಿ, ಎಲಾಸ್ಟಿಕ್ ಅಂಚನ್ನು ಬುಟ್ಟಿಯ ಕಂಠಕ್ಕೆ ಸಿಕ್ಕಿಸುವುದು. ಮಾರುಕಟ್ಟೆಯಲ್ಲಿ ಇದನ್ನು ಸ್ಕಿಮ್ಮರ್ ಸಾಕ್ ಎನ್ನುತ್ತಾರೆ. ಅಮೆರಿಕದಲ್ಲಿ ಕೊಳವಿರುವ ಮನೆಗಳವರು ಹಳೆಯ ನೈಲಾನ್ ಕಾಲುಚೀಲವನ್ನೇ ಬುಟ್ಟಿಗೆ ತೊಡಿಸುವುದುಂಟು. ನಮ್ಮ ಮನೆಗಳಲ್ಲಿ ನಲ್ಲಿಯ ಬಾಯಿಗೆ ಬಟ್ಟೆ ಕಟ್ಟುವ ಪದ್ಧತಿ ಇದಕ್ಕಿಂತ ಎಷ್ಟೋ ಹಳೆಯದು; ಜೈನರಲ್ಲಂತೂ ನೀರನ್ನು ಸೋಸದೆ ಬಳಸಬಾರದೆಂಬುದು ಧರ್ಮದ ನಿಯಮವೇ. ಬಟ್ಟೆಯ ಶಕ್ತಿಯನ್ನು ಲಘುವಾಗಿ ಎಣಿಸಬಾರದೆಂಬುದಕ್ಕೆ ಬಾಂಗ್ಲಾದೇಶದ ಒಂದು ಪ್ರಯೋಗ ಸಾಕ್ಷಿ. ವಿಜ್ಞಾನಿ ರೀಟಾ ಕೋಲ್ವೆಲ್ ಮತ್ತು ಸಹೋದ್ಯೋಗಿಗಳು 2003ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಹಳೆಯ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಕುಡಿಯುವ ನೀರನ್ನು ಸೋಸಿದ ಹಳ್ಳಿಗಳಲ್ಲಿ ಕಾಲರಾ ಶೇ. 48ರಷ್ಟು ಇಳಿಯಿತು. ಹೊಸ ಬಟ್ಟೆಗಿಂತ ಹಲವು ಸಲ ಒಗೆದ ಬಟ್ಟೆ ಲೇಸು. ನೂಲು ಬಿರಿದು ಸಂದುಗಳು ಕಿರಿದಾಗುತ್ತವೆ.

ಹಾಗೆಂದು ಈಜುಕೊಳಕ್ಕೆ ನಾಲ್ಕು ಮಡಿಕೆಯ ಸೀರೆ ಕಟ್ಟಿದರೆ ಅನಾಹುತವಾದೀತು. ಪಂಪು ಎಳೆಯುವ ನೀರು ಬಟ್ಟೆಯಲ್ಲಿ ತಡೆದರೆ ಪಂಪು ಗಾಳಿಯನ್ನು ಎಳೆಯಲಾರಂಭಿಸುತ್ತದೆ, ಬಿಸಿಯಾಗುತ್ತದೆ, ಸೀಲ್ ಸುಟ್ಟುಹೋಗುತ್ತದೆ. ಉಳಿಸಿದ ನೀರಿನ ಹಣ ಮೋಟಾರು ದುರಸ್ತಿಗೆ ಹೋಗುತ್ತದೆ. ಆದುದರಿಂದ ಚೀಲದ ಜಾಲರಿ ಕೇಸರವನ್ನು ತಡೆಯುವಷ್ಟು ಕಿರಿದು, ನೀರನ್ನು ಬಿಡುವಷ್ಟು ಸಡಿಲ ಇರಬೇಕು. ಹೂ ಉದುರುವ ಕಾಲದಲ್ಲಿ ಅದನ್ನು ದಿನವೂ ತೆಗೆದು ಒಳಹೊರಗು ಮಾಡಿ ಜಾಲಿಸಬೇಕು. ದಿನವೂ ನೋಡುವವರಿಲ್ಲದ, ವಾರಾಂತ್ಯಕ್ಕೆ ಮಾತ್ರ ತೆರೆಯುವ ತೋಟದ ಮನೆಗೆ ಈ ಚೀಲ ಹೇಳಿಸಿದ್ದಲ್ಲ ಎಂಬುದನ್ನು ಮಾರುವವರು ಮೊದಲೇ ತಿಳಿಸುವುದು ಒಳ್ಳೆಯದು. ಅಂಥವರಿಗೆ ಕೊಳದ ಮೇಲೆ ಹೊದಿಕೆ ಹಾಕುವುದೇ ಸರಿ. ಹೊದಿಕೆ ಕಸವನ್ನೂ ತಡೆಯುತ್ತದೆ, ಆವಿಯನ್ನೂ ತಡೆಯುತ್ತದೆ. ದಿನಕ್ಕೆ 5 ಮಿ.ಮೀ. ಆವಿಯಾಗುತ್ತದೆಂದು ಹಿಡಿದರೂ ಮೇಲೆ ಹೇಳಿದ ಕೊಳದಿಂದ ನಿತ್ಯ 160 ಲೀಟರ್ ಗಾಳಿಗೆ ಹೋಗುತ್ತದೆ.

ಚೀಲಕ್ಕೆ ಸಿಗದ ಮಣ್ಣು

ಮಾಲೂರಿನ ಮಟ್ಟಿಗೆ ಚೀಲದ ಮಿತಿಯನ್ನೂ ಹೇಳಲೇಬೇಕು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಅಂಗುಲಕ್ಕೆ ನೂರು ಎಳೆಯ ಜಾಲರಿಯ ಸಂದು ಸುಮಾರು 150 ಮೈಕ್ರಾನ್. ಮರಳಿನ ಫಿಲ್ಟರ್ ಹಿಡಿಯುವುದು 20ರಿಂದ 40 ಮೈಕ್ರಾನ್‌ವರೆಗೆ. ಹೆಂಚಿಗೂ ಇಟ್ಟಿಗೆಗೂ ಬಳಸುವ ಜೇಡಿಯ ಕಣವಾದರೋ 2 ಮೈಕ್ರಾನಿಗಿಂತಲೂ ಚಿಕ್ಕದು. ಯಾವ ಗುಣದಿಂದ ಆ ಮಣ್ಣು ಒಳ್ಳೆಯ ಹೆಂಚಾಗುತ್ತದೋ ಅದೇ ಗುಣದಿಂದ ಅದು ಚೀಲವನ್ನೂ ಮರಳನ್ನೂ ದಾಟಿ ಮತ್ತೆ ಕೊಳಕ್ಕೆ ಮರಳುತ್ತದೆ, ನೀರು ಮಬ್ಬಾಗಿಯೇ ಉಳಿಯುತ್ತದೆ. ಇದಕ್ಕೆ ಉಪಾಯ ಬೇರೆ. ಪಂಪನ್ನು ನಿಲ್ಲಿಸಿ, ಅಂಗಡಿಗಳಲ್ಲಿ ಪಟಿಕವೆಂದು ಸಿಗುವ ಆಲಂ ಅನ್ನು ತಯಾರಕರು ಹೇಳಿದ ಪ್ರಮಾಣದಲ್ಲಿ ಬೆರೆಸಿ, ರಾತ್ರಿಯಿಡೀ ಬಿಟ್ಟರೆ ಜೇಡಿಯ ಕಣಗಳು ಒಂದಕ್ಕೊಂದು ಅಂಟಿ ತಳಕ್ಕೆ ಇಳಿಯುತ್ತವೆ. ಬೆಳಿಗ್ಗೆ ತಳವನ್ನು ಕದಡದಂತೆ ವ್ಯಾಕ್ಯೂಮ್ ಕೊಳವೆಯಿಂದ ಎಳೆದು, ಫಿಲ್ಟರಿಗೆ ಬಿಡದೆ ನೇರ ಹೊರಗೆ ಹಾಕಬೇಕು.

ಗಿರಾಕಿಗೆ ಧೂಳಿಗೂ ಕಸಕ್ಕೂ ಇರುವ ಈ ವ್ಯತ್ಯಾಸವನ್ನು ಹೇಳದೆ ಮಾರಿದ ಚೀಲ ಒಂದೇ ತಿಂಗಳಲ್ಲಿ ಅಂಗಡಿಗೆ ಹಿಂತಿರುಗುತ್ತದೆ.

ಸಣ್ಣ ಘಟಕಗಳು ಗಮನಿಸಬೇಕಾದುದು

ಚೀಲದ ತಯಾರಿಕೆಗೆ ದೊಡ್ಡ ಯಂತ್ರ ಬೇಡ. ಎಲಾಸ್ಟಿಕ್ ಹೊಲಿಯಬಲ್ಲ ಓವರ್‌ಲಾಕ್ ಯಂತ್ರ ಸಾಕು. ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ಪಳಗಿದ ಕೈಗಳಿಗೆ ಈ ಹೊಲಿಗೆ ಮಕ್ಕಳಾಟ. ಕಷ್ಟವಿರುವುದು ಬಟ್ಟೆಯ ಆಯ್ಕೆಯಲ್ಲಿ. ನೈಲಾನ್ ಮೃದು, ಹಿಗ್ಗುತ್ತದೆ, ಆದರೆ ಕ್ಲೋರಿನ್ ನೀರಿನಲ್ಲಿ ಬೇಗ ಬಲ ಕಳೆದುಕೊಳ್ಳುತ್ತದೆ. ಪಾಲಿಯೆಸ್ಟರ್ ಕ್ಲೋರಿನನ್ನು ಚೆನ್ನಾಗಿ ತಾಳುತ್ತದೆ, ಆದರೆ ಹಿಗ್ಗುವುದಿಲ್ಲ. ಹಾಗಾಗಿ ಬುಟ್ಟಿಯ ಅಳತೆಗೆ ಸರಿಯಾಗಿ ಕತ್ತರಿಸಬೇಕು. ಸ್ಕ್ರೀನ್ ಪ್ರಿಂಟಿಂಗ್‌ನವರು ಬಳಸುವ ಪಾಲಿಯೆಸ್ಟರ್ ಜಾಲರಿ ಬಟ್ಟೆ ಎಳೆಗಳ ಲೆಕ್ಕದಲ್ಲಿಯೇ ಮಾರಾಟಕ್ಕೆ ಸಿಗುವುದರಿಂದ ಮೊದಲ ಮಾದರಿಗಳಿಗೆ ಅನುಕೂಲ. ಎಲಾಸ್ಟಿಕ್ ಮಾತ್ರ ಕ್ಲೋರಿನಿಗೆ ಬೇಗ ಬಲಿಯಾಗುವ ಭಾಗ. ಅದರ ಬದಲು ಲಾಡಿ ಎಳೆದು ಕಟ್ಟುವ ಚೀಲವನ್ನು ಮಾಡಿದರೆ ಬಾಳಿಕೆ ಹೆಚ್ಚು. ಬುಟ್ಟಿಯಲ್ಲಿ ಕ್ಲೋರಿನ್ ಮಾತ್ರೆ ಇಡುವ ಅಭ್ಯಾಸವಿರುವ ಮನೆಗಳಲ್ಲಿ ಯಾವ ಬಟ್ಟೆಯೂ ಬಹುದಿನ ಉಳಿಯದು.

ಇನ್ನೊಂದು ವಿಚಾರ. ನಮ್ಮ ದೇಶದಲ್ಲಿ ಕಟ್ಟುವ ಅನೇಕ ಕೊಳಗಳಿಗೆ ಸ್ಕಿಮ್ಮರ್ ಇರುವುದೇ ಇಲ್ಲ. ನೀರು ಅಂಚಿನಿಂದ ತುಳುಕಿ ಸುತ್ತಲಿನ ಕಾಲುವೆಯ ಮೂಲಕ ಬ್ಯಾಲೆನ್ಸಿಂಗ್ ಟ್ಯಾಂಕಿಗೆ ಇಳಿಯುತ್ತದೆ. ಅಂಥಲ್ಲಿ ಆಮದಾದ ಸಾಕ್ ಯಾವ ಉಪಯೋಗಕ್ಕೂ ಬಾರದು. ಟ್ಯಾಂಕಿಗೆ ಇಳಿಯುವ ಪೈಪಿನ ಬಾಯಿಗೆ ಕಟ್ಟುವ ಉದ್ದನೆಯ ಚೀಲ ಬೇಕು. ಅಲ್ಲಿ ನೀರು ತನ್ನ ಭಾರದಿಂದಲೇ ಇಳಿಯುವುದರಿಂದ ಚೀಲ ಕಟ್ಟಿಕೊಂಡರೂ ಪಂಪಿನ ಎಳೆತ ಕೂಡಲೇ ತಡೆಯುವುದಿಲ್ಲ. ಟ್ಯಾಂಕಿನ ಮಟ್ಟವನ್ನು ಗಮನಿಸುತ್ತಿದ್ದರಾಯಿತು. ಹೊರದೇಶದ ಸಿದ್ಧ ಅಳತೆಗಳು ಹೊಂದದ ಈ ಕಡೆಯೇ ಸ್ಥಳೀಯ ಹೊಲಿಗೆ ಘಟಕಕ್ಕೆ ನಿಜವಾದ ಅವಕಾಶವಿದೆ. ಇದೇ ಕೌಶಲ ಬಣ್ಣದ ಕಾರ್ಖಾನೆಗೂ, ಹನಿ ನೀರಾವರಿಯ ಫಿಲ್ಟರಿಗೂ, ಗ್ರಾನೈಟ್ ಪಾಲಿಶ್ ಘಟಕದ ಕೆಸರು ನೀರಿಗೂ ಚೀಲ ಹೊಲಿಯಲು ಬರುತ್ತದೆ. ತಾಂತ್ರಿಕ ಜವಳಿ ಎಂದು ಕರೆಯಲಾಗುವ ಈ ವರ್ಗದ ಬೆಳವಣಿಗೆಗಾಗಿ ಕೇಂದ್ರ ಸರ್ಕಾರ 2020ರಲ್ಲಿ 1,480 ಕೋಟಿ ರೂಪಾಯಿಯ ರಾಷ್ಟ್ರೀಯ ಮಿಷನ್ ಒಂದಕ್ಕೆ ಅನುಮೋದನೆ ನೀಡಿತು. ಸೋಸುವ ಬಟ್ಟೆಯೂ ಆ ವರ್ಗಕ್ಕೆ ಸೇರಿದ್ದೇ.

ಮಾರಾಟಕ್ಕೆ ಮನೆಮನೆ ಅಲೆಯಬೇಕಾಗಿಲ್ಲ. ಕೊಳಗಳ ನಿರ್ವಹಣೆಯನ್ನು ಗುತ್ತಿಗೆಗೆ ಹಿಡಿದಿರುವವರು, ಕ್ಲೋರಿನ್ ಮಾರುವ ಅಂಗಡಿಗಳು, ರೆಸಾರ್ಟುಗಳ ವ್ಯವಸ್ಥಾಪಕರು ಇವರೇ ಗಿರಾಕಿಗಳು. ಬುಟ್ಟಿಗಳ ಅಳತೆ ಕಂಪನಿಯಿಂದ ಕಂಪನಿಗೆ ಬೇರೆಯಾಗಿರುವುದರಿಂದ ಮೊದಲು ಹತ್ತಾರು ಕೊಳಗಳ ಬುಟ್ಟಿಗಳನ್ನು ಅಳೆದು ಎರಡು ಮೂರು ಅಳತೆ ನಿಗದಿಪಡಿಸಿಕೊಳ್ಳಬೇಕು. ಮಾವು, ಬೇವು, ಹೊಂಗೆ ಸಾಲಾಗಿ ಹೂ ಉದುರಿಸುವ ಜನವರಿಯಿಂದ ಮೇ ತಿಂಗಳವರೆಗೆ ಬೇಡಿಕೆ ಹೆಚ್ಚು. ಮಾದರಿಯನ್ನು ಕೊಟ್ಟು ಬರುವಾಗ ಕೊಳದ ನೋಡುಗನಿಗೆ ಒಂದು ನೋಟ್‌ಬುಕ್ಕನ್ನೂ ಕೊಟ್ಟು, ಚೀಲ ತೊಡಿಸುವ ಮುಂಚಿನ ಒಂದು ತಿಂಗಳು ಹಾಗೂ ತೊಡಿಸಿದ ನಂತರದ ಒಂದು ತಿಂಗಳು ಒತ್ತಡಮಾಪಕದ ಅಂಕಿಯನ್ನೂ ಬ್ಯಾಕ್‌ವಾಶ್ ಮಾಡಿದ ದಿನಾಂಕವನ್ನೂ ಬರೆದಿಡಲು ಹೇಳಿದರೆ, ಮುಂದಿನ ಗಿರಾಕಿಗೆ ತೋರಿಸಲು ಬೇರೆ ಜಾಹೀರಾತು ಬೇಕಾಗುವುದಿಲ್ಲ.