ಹೇತು ಮತ್ತು ಉದ್ದೇಶ: ಇಂಗ್ಲಿಷ್ ವಾಕ್ಯಗಳೂ ಪುತ್ತೂರು-ಸುಳ್ಯ-ಕಡಬ ಪರಿಸರದ ನುಡಿಗಳೂ

ಒಂದು ಕ್ರಿಯೆ ಏಕೆ ನಡೆಯಿತು ಎಂಬ ಪ್ರಶ್ನೆಗೆ ಎರಡು ಬಗೆಯ ಉತ್ತರಗಳಿರುತ್ತವೆ. ಕ್ರಿಯೆಯ ಹಿಂದೆ ನಿಂತು ಅದನ್ನು ಉಂಟುಮಾಡಿದ್ದು ಹೇತು; ಕ್ರಿಯೆಯ ಮುಂದೆ ಗುರಿಯಾಗಿ ನಿಲ್ಲುವುದು ಉದ್ದೇಶ. ಇಂಗ್ಲಿಷಿನಲ್ಲಿ ಹೇತುವಿಗೆ ‘ಬಿಕಾಸ್’, ‘ಸಿನ್ಸ್’, ‘ಡ್ಯೂ ಟು’ ಮೊದಲಾದವೂ ಉದ್ದೇಶಕ್ಕೆ ‘ಟು’, ‘ಇನ್ ಆರ್ಡರ್ ಟು’, ‘ಸೋ ದಟ್’ ಮೊದಲಾದವೂ ಬಳಕೆಯಲ್ಲಿವೆ. ಇವುಗಳಿಗೆ ‘ಏಕೆಂದರೆ’, ‘ಆದ್ದರಿಂದ’, ‘ಗೋಸ್ಕರ’ ಎಂಬ ಸಮಾನಪದಗಳನ್ನು ಕೊಟ್ಟು ಮುಂದೆ ಸಾಗುವುದು ಶಾಲಾಪಾಠಗಳ ರೂಢಿ. ಈ ರೂಢಿ ಸಾಲದೆಂಬುದನ್ನು ಪುತ್ತೂರು, ಸುಳ್ಯ ಮತ್ತು ಈ ಎರಡರಿಂದ ಬೇರ್ಪಟ್ಟು ರೂಪುಗೊಂಡ ಕಡಬ ತಾಲೂಕುಗಳ ಭಾಷಾಪರಿಸರದ ಹಿನ್ನೆಲೆಯಲ್ಲಿ ವಿವರಿಸುವುದು ಪ್ರಸ್ತುತ ಲೇಖನದ ಆಶಯ. ಇಲ್ಲಿಯ ವಿದ್ಯಾರ್ಥಿ ಮನೆಯಲ್ಲಿ ತುಳು, ಹವ್ಯಕ, ಅರೆಭಾಷೆ, ಬ್ಯಾರಿ ಅಥವಾ ಕೊಂಕಣಿಯನ್ನು ಆಡಿ, ಶಾಲೆಯಲ್ಲಿ ಕನ್ನಡವನ್ನು ಕಲಿತು, ಅದರ ಮೂಲಕ ಇಂಗ್ಲಿಷಿಗೆ ಹೋಗುತ್ತಾನೆ.

1. ‘ಗೆ’ ಪ್ರತ್ಯಯದ ಎರಡು ಮುಖ

ಸಂಸ್ಕೃತ ವ್ಯಾಕರಣವು ಹೇತ್ವರ್ಥಕ್ಕೆ ತೃತೀಯಾ ವಿಭಕ್ತಿಯನ್ನೂ ತಾದರ್ಥ್ಯಕ್ಕೆ ಚತುರ್ಥಿಯನ್ನೂ ವಿಧಿಸುತ್ತದೆ. ಇದರ ನೆರಳಿನಲ್ಲಿ ಕನ್ನಡದಲ್ಲೂ ಹೇತುವಿಗೆ ‘ಇಂದ’, ಉದ್ದೇಶಕ್ಕೆ ‘ಗೆ’ ಎಂದು ಬೋಧಿಸಲಾಗುತ್ತದೆ. ಆದರೆ ಅಡಿಕೆ ತೋಟದ ಈ ಎರಡು ಮಾತುಗಳನ್ನು ಗಮನಿಸಬಹುದು:

(ಅ) ಕೊಳೆರೋಗಕ್ಕೆ ಅಡಿಕೆ ಉದುರಿತು.
(ಆ) ಕೊಳೆರೋಗಕ್ಕೆ ಮದ್ದು ಬಿಟ್ಟರು.

ನಾಮಪದವೂ ಪ್ರತ್ಯಯವೂ ಒಂದೇ. ಮೊದಲನೆಯದರಲ್ಲಿ ರೋಗವು ಹೇತು. ಎರಡನೆಯದರಲ್ಲಿ ರೋಗದ ನಿವಾರಣೆ ಉದ್ದೇಶ. ವ್ಯತ್ಯಾಸವನ್ನು ತಿಳಿಸುವುದು ಪ್ರತ್ಯಯವಲ್ಲ, ಕ್ರಿಯಾಪದ. ‘ಉದುರು’, ‘ಬೀಳು’, ‘ನಡುಗು’, ‘ಬಾಡು’ ಮುಂತಾದ ಇಚ್ಛೆಯಿಲ್ಲದ ಕ್ರಿಯೆಗಳೊಡನೆ ‘ಗೆ’ ಹೇತುವನ್ನು ಸೂಚಿಸುತ್ತದೆ: ಗಾಳಿಗೆ ಮರ ಬಿತ್ತು, ಚಳಿಗೆ ನಡುಗಿದ. ತುಳುವಿನ ‘ಗಾಳಿಗ್ ಮರ ಬೂರ್ಂಡ್’ ಎಂಬ ವಾಕ್ಯದಲ್ಲೂ ಚತುರ್ಥಿಯೇ ಇದೆ. ಕರ್ತೃವು ಬಯಸಿ ಮಾಡುವ ಕ್ರಿಯೆಗಳೊಡನೆ ಅದೇ ‘ಗೆ’ ಸಾಮಾನ್ಯವಾಗಿ ಉದ್ದೇಶದತ್ತ ತಿರುಗುತ್ತದೆ. ‘ಸಿಟ್ಟಿಗೆ ಹೊಡೆದ’ ಎಂಬಂತಹ ಪ್ರಯೋಗಗಳು ಇದಕ್ಕೆ ಅಪವಾದ. ಹೊಡೆಯುವುದು ಇಚ್ಛೆಯ ಕ್ರಿಯೆಯಾದರೂ ಸಿಟ್ಟು ಕರ್ತೃವಿನ ಮೇಲೆಯೇ ಎರಗುವ ಶಕ್ತಿಯಾಗಿರುವುದರಿಂದ ಅಲ್ಲಿ ಹೇತುವಿನ ಅರ್ಥವೇ ಉಳಿಯುತ್ತದೆ.

ಇಂಗ್ಲಿಷಿನಲ್ಲಿ ಈ ಹೊಣೆಯನ್ನು ಬಹುಮಟ್ಟಿಗೆ ಉಪಸರ್ಗಗಳು ಹೊರುತ್ತವೆ. ಚಳಿಗೆ ನಡುಗುವುದಕ್ಕೆ ‘ವಿತ್’, ರೋಗಕ್ಕೆ ಸಾಯುವುದಕ್ಕೆ ‘ಆಫ್’, ಮದ್ದಿಗೆ ‘ಫಾರ್’. ‘ಗೆ ಎಂದರೆ ಟು ಅಥವಾ ಫಾರ್’ ಎಂದು ಕಲಿತ ವಿದ್ಯಾರ್ಥಿಯು ‘ಶಿವರ್ಡ್ ಫಾರ್ ಕೋಲ್ಡ್’ ಎಂದು ಬರೆದರೆ ಆತ ಕಲಿತ ನಿಯಮವನ್ನು ಮೀರಿಲ್ಲ, ಪಾಲಿಸಿದ್ದಾನೆ.

2. ‘ಲಿಕ್ಕೆ’ ಮತ್ತು ‘ಫಾರ್ ಟು’

ಈ ಪರಿಸರದ ಕನ್ನಡ ಮಾಧ್ಯಮ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದಾಗ ‘ಐ ಕೇಮ್ ಫಾರ್ ಟು ಸೀ’ ಎಂಬ ಮಾದರಿಯ ವಾಕ್ಯಗಳನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದವರಲ್ಲಿ ಪ್ರಸ್ತುತ ಲೇಖಕನೂ ಒಬ್ಬ. ಈ ತಪ್ಪಿನ ಮೂಲ ಅರಿವಾದದ್ದು ತಡವಾಗಿ. ಗ್ರಂಥಸ್ಥ ಕನ್ನಡದ ‘ನೋಡಲು’ ಎಂಬ ರೂಪ ಇಲ್ಲಿಯ ಮಾತಿನಲ್ಲಿ ‘ನೋಡ್ಲಿಕ್ಕೆ’ ಆಗುತ್ತದೆ. ಅದರಲ್ಲಿ ಭಾವರೂಪದ ‘ಲು’ ಇದೆ, ಚತುರ್ಥಿಯ ‘ಕ್ಕೆ’ಯೂ ಇದೆ. ಎರಡನ್ನೂ ಬಿಡಿಬಿಡಿಯಾಗಿ ಅನುವಾದಿಸಿದಾಗ ‘ಫಾರ್ ಟು’ ದೊರೆಯುತ್ತದೆ. ಅರೆಭಾಷೆಯ ‘ನೋಡಿಕೆ’ಯಲ್ಲೂ ‘ಕೆ’ ಕೇಳಿಸುತ್ತದೆ. ತುಳುವಿನ ‘ತೂಯೆರೆ’, ಹವ್ಯಕದ ‘ನೋಡ್ಲೆ’ ರೂಪಗಳಲ್ಲಿ ಈ ಪ್ರತ್ಯಯ ಎದ್ದು ಕಾಣುವುದಿಲ್ಲ. ಆದಕಾರಣ ತುಳು ಮನೆಮಾತಿನ ವಿದ್ಯಾರ್ಥಿಯೂ ಇದನ್ನೇ ಬರೆದರೆ ಅದು ಶಾಲೆಯ ಕನ್ನಡದ ಪ್ರಭಾವ ಎಂದು ಊಹಿಸಲು ಅವಕಾಶವಿದೆ. ಹಳೆಯ ಇಂಗ್ಲಿಷ್ ಬರಹಗಳಲ್ಲಿ ‘ಫಾರ್ ಟು’ ಉದ್ದೇಶಾರ್ಥದಲ್ಲಿ ಶಿಷ್ಟ ಪ್ರಯೋಗವೇ ಆಗಿತ್ತೆಂಬುದನ್ನೂ ಇಲ್ಲಿ ನೆನೆಯಬಹುದು.

3. ವಾಕ್ಯಕ್ರಮ

ಕನ್ನಡದಲ್ಲಿ ಹೇತುವಾಕ್ಯ ಮೊದಲು ಬರುತ್ತದೆ. ಸಂಬಂಧಸೂಚಕವು ಅದರ ಕೊನೆಯಲ್ಲಿರುತ್ತದೆ: ‘ಮಳೆ ಬಂದುದರಿಂದ ರಜೆ ಕೊಟ್ಟರು.’ ಇಂಗ್ಲಿಷಿನಲ್ಲಿ ಸೂಚಕವು ಹೇತುವಾಕ್ಯದ ತಲೆಯಲ್ಲಿರುತ್ತದೆ. ವಿದ್ಯಾರ್ಥಿಯು ಕಲಿತಂತೆ ತಲೆಯಲ್ಲಿ ‘ಬಿಕಾಸ್’ ಇಡುತ್ತಾನೆ. ಆದರೆ ಎರಡು ವಾಕ್ಯಗಳ ಸಂಧಿಯಲ್ಲಿ ಕನ್ನಡದ ಕಿವಿಗೆ ಏನೋ ಬೇಕೆನಿಸಿ ‘ಸೋ’ ಎಂಬುದನ್ನೂ ಸೇರಿಸುತ್ತಾನೆ. ಇನ್ನು ‘ಏಕೆಂದರೆ’ ಎಂಬುದು ‘ಏಕೆ ಎಂದು ಕೇಳಿದರೆ’ ಎಂಬ ಪ್ರಶ್ನೋತ್ತರದ ಸಂಕ್ಷೇಪ. ತುಳುವಿನ ‘ದಾಯೆಗ್ ಪಂಡ’, ಹವ್ಯಕದ ‘ಎಂತಕೆ ಹೇಳಿರೆ’ ಕೂಡ ಇದೇ ರಚನೆಯವು. ವಚನಗಳಲ್ಲಿ ಕಾಣುವ ‘ಅದೇಕೆಂದಡೆ’ ಇದರ ಹಳಮೆಗೆ ಸಾಕ್ಷಿ. ಇದು ಹೇಳಿದ ಮಾತಿಗೆ ಸಮರ್ಥನೆಯನ್ನು ತರುತ್ತದೆ. ‘ಬಿಕಾಸ್’ ಬಂದಲ್ಲೆಲ್ಲ ಇದನ್ನು ಇಡಲಾಗದು.

4. ‘ಎಂದು’: ಮನಸ್ಸಿನ ಮೂಲಕ ಬರುವ ಹೇತು

ಮಳೆ ಬಂತೆಂದು, ಮಳೆ ಬರಲೆಂದು, ಮಳೆ ಬರುತ್ತದೆಂದು ಎಂಬ ಮೂರು ರೂಪಗಳಲ್ಲಿ ಮೊದಲನೆಯದು ಹೇತು, ಎರಡನೆಯದು ಉದ್ದೇಶ. ‘ಮಳೆ ಬರುತ್ತದೆಂದು ಅಂಗಳದ ಅಡಿಕೆಯನ್ನು ಒಳಗೆ ತಂದರು’ ಎಂಬಲ್ಲಿ ಮಳೆ ಇನ್ನೂ ಬಂದಿಲ್ಲ. ಬರಬಹುದೆಂಬ ಎಣಿಕೆಯೇ ಹೇತು, ಅಡಿಕೆ ನೆನೆಯಬಾರದೆಂಬುದು ಉದ್ದೇಶ. ಹವ್ಯಕದಲ್ಲಿ ಇದು ‘ಮಳೆ ಬಕ್ಕು ಹೇಳಿ’ ಎಂದೂ ತುಳುವಿನಲ್ಲಿ ‘ಬರ್ಸ ಬರ್ಪುಂಡು ಪಂಡ್‌ದ್’ ಎಂದೂ ಬರುತ್ತದೆ. ಎರಡು ಅರ್ಥಗಳೂ ಒಂದೇ ರೂಪದಲ್ಲಿ ನೆಲೆಸಿವೆ. ಇಂಗ್ಲಿಷಿನಲ್ಲಾದರೋ ‘ಮಳೆ ಬಂದೀತೆಂದು ಭಾವಿಸಿದ್ದರಿಂದ’ ಎನ್ನಬೇಕು, ಇಲ್ಲವೇ ‘ಇನ್ ಕೇಸ್’ ಎಂಬುದನ್ನು ಆರಿಸಿಕೊಳ್ಳಬೇಕು.

ಉಪಸಂಹಾರ

ಇಂಗ್ಲಿಷ್ ಸಂಬಂಧಪದದಲ್ಲಿ ಸ್ಪಷ್ಟಪಡಿಸುವುದನ್ನು ಇಲ್ಲಿಯ ನುಡಿಗಳು ಹಲವೆಡೆ ಕ್ರಿಯಾಪದಕ್ಕೂ ಸಂದರ್ಭಕ್ಕೂ ಬಿಡುತ್ತವೆ. ಇದು ಕೊರತೆಯಲ್ಲ, ವ್ಯವಸ್ಥೆಯ ಭೇದ. ಹವ್ಯಕ ಮತ್ತು ತುಳು ಭಾಷೆಗಳ ವಿಶ್ಲೇಷಣೆ ಮಾಡಿದ ಡಿ. ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ಕೃತಿಯಲ್ಲಿ ಮಂಡಿಸಿದ ನಿಲುವು ಇಂಗ್ಲಿಷ್ ಬೋಧನೆಗೂ ಅನ್ವಯಿಸುತ್ತದೆ. ಅನುವಾದಕ್ಕೆ ಮೊದಲು ‘ಇದು ಕ್ರಿಯೆಯ ಹಿಂದಿನದೋ ಮುಂದಿನದೋ’ ಎಂದು ವಿದ್ಯಾರ್ಥಿಯನ್ನೇ ಕೇಳುವುದು ಸಮಾನಪದಗಳ ಪಟ್ಟಿಗಿಂತ ಹೆಚ್ಚು ಫಲಕಾರಿ. ಕಾರಣವನ್ನು ತಿಳಿಸದೆ ಎಳೆದ ಕೆಂಪು ಗೆರೆಯಿಂದ ವಿದ್ಯಾರ್ಥಿ ಇಂಗ್ಲಿಷನ್ನು ಕಲಿಯುವುದಿಲ್ಲ. ತನ್ನ ಮನೆಮಾತಿಗೆ ವ್ಯಾಕರಣವೇ ಇಲ್ಲವೆಂಬುದನ್ನು ಮಾತ್ರ ಕಲಿಯುತ್ತಾನೆ. ಆ ತಪ್ಪು ಕಲಿಕೆಯನ್ನು ತಡೆಯುವ ಹೊಣೆ ಇಂಗ್ಲಿಷ್ ಅಧ್ಯಾಪಕರಷ್ಟೇ ಕನ್ನಡ ಅಧ್ಯಾಪಕರ ಮೇಲೂ ಇದೆ.