ಸಭಾಭೀತಿಯ ಬೇರು ಹುಡುಕಿದ ಡೇವಿಡ್ ಕ್ಲಾರ್ಕ್

ನಾಲ್ಕು ಜನರ ಮುಂದೆ ಎದ್ದು ನಿಂತಾಗ ಬಾಯಿ ಒಣಗುವುದು, ಎದೆ ಡವಡವ ಹೊಡೆದುಕೊಳ್ಳುವುದು ಬಹುತೇಕರಿಗೆ ಗೊತ್ತಿರುವ ಅನುಭವ. ಇದೇ ಅಂಜಿಕೆ ವರ್ಷಗಟ್ಟಲೆ ಬೆನ್ನು ಬಿಡದೆ ಓದು, ಉದ್ಯೋಗ, ಸ್ನೇಹಗಳಿಗೆ ಅಡ್ಡಬಂದರೆ ನಾಚಿಕೆ ಸ್ವಭಾವ ಎಂದು ತಳ್ಳಿಹಾಕುವಂತಿಲ್ಲ. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ 1980ರಲ್ಲಿ ‘ಸೋಷಿಯಲ್ ಫೋಬಿಯಾ’ ಎಂಬ ಹೆಸರಿನಲ್ಲಿ ಇದನ್ನು ಮಾನಸಿಕ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಹದಿಹರೆಯದಲ್ಲಿ ಶುರುವಾಗಿ, ಚಿಕಿತ್ಸೆ ಸಿಗದಿದ್ದರೆ ದಶಕಗಳ ಕಾಲ ಕಾಡುವ ಈ ತೊಂದರೆಯ ಬೇರನ್ನು ಹುಡುಕಿ ಹೊರಟವರಲ್ಲಿ ಪ್ರಮುಖರು ಬ್ರಿಟನ್ನಿನ ಕ್ಲಿನಿಕಲ್ ಸೈಕಾಲಜಿಸ್ಟ್ ಡೇವಿಡ್ ಎಂ. ಕ್ಲಾರ್ಕ್.

ಕ್ಲಾರ್ಕ್ ಅವರನ್ನು ಕಾಡಿದ್ದು ಒಂದು ಸರಳ ಪ್ರಶ್ನೆ. ಜನರಿಗೆ ಹೆದರುವವರೂ ದಿನಾ ಜನರ ನಡುವೆಯೇ ಬದುಕುತ್ತಾರೆ. ಹೆಚ್ಚಿನ ಸಲ ಯಾರೂ ಅವರನ್ನು ಅವಮಾನಿಸುವುದಿಲ್ಲ. ಹಾಗಿದ್ದರೂ ಭಯವೇಕೆ ಕರಗುವುದಿಲ್ಲ? 1995ರಲ್ಲಿ ಮನೋವಿಜ್ಞಾನಿ ಏಡ್ರಿಯನ್ ವೆಲ್ಸ್ ಜೊತೆಗೂಡಿ ಅವರು ಉತ್ತರ ಮುಂದಿಟ್ಟರು. ಭಯಗೊಂಡ ವ್ಯಕ್ತಿಯ ಗಮನವೆಲ್ಲ ತನ್ನ ಮೇಲೇ ನೆಟ್ಟಿರುತ್ತದೆ. ಒಳಗಿನ ನಡುಕವನ್ನೇ ಆಧಾರ ಮಾಡಿಕೊಂಡು, ತಾನು ಹೊರಗೂ ಹಾಗೆಯೇ ಕಾಣುತ್ತಿದ್ದೇನೆ ಎಂದು ನಂಬುತ್ತಾನೆ. ಎದುರಿಗಿರುವವರ ಮುಖದ ನಗು ಕಣ್ಣಿಗೆ ಬೀಳುವುದೇ ಇಲ್ಲ.

ಇದರ ಮೇಲೆ, ಮಾನ ಕಾಪಾಡಿಕೊಳ್ಳಲು ಆತ ಮಾಡುವ ಉಪಾಯಗಳೇ ತಿರುಗುಬಾಣವಾಗುತ್ತವೆ. ಕೈ ನಡುಗಬಾರದೆಂದು ಲೋಟವನ್ನು ಬಿಗಿಹಿಡಿದರೆ ನಡುಕ ಹೆಚ್ಚುತ್ತದೆ. ಬೆವರು ಮುಚ್ಚಲು ದಪ್ಪ ಕೋಟು ತೊಟ್ಟರೆ ಇನ್ನಷ್ಟು ಬೆವರು. ಪ್ರತಿ ವಾಕ್ಯವನ್ನೂ ಮನಸ್ಸಿನಲ್ಲಿ ತಿದ್ದಿಕೊಂಡು ಆಡುವವರು ಇತರರಿಗೆ ಬಿಗುಮಾನದವರಂತೆ ಕಾಣುತ್ತಾರೆ. ಅವಮಾನವಾಗದೆ ಮನೆಗೆ ಬಂದರೂ ಆ ಉಪಾಯಗಳಿಂದಲೇ ಪಾರಾದೆ ಅನ್ನಿಸುತ್ತದೆ. ಭಯ ಹಾಗೇ ಉಳಿಯುತ್ತದೆ.

ಚಿಕಿತ್ಸೆಯೂ ಈ ತಿಳಿವಳಿಕೆಯಿಂದಲೇ ಹುಟ್ಟಿತು. ರೋಗಿ ಒಮ್ಮೆ ತನ್ನ ಉಪಾಯಗಳನ್ನೆಲ್ಲ ಬಳಸಿ, ಇನ್ನೊಮ್ಮೆ ಅವನ್ನು ಕೈಬಿಟ್ಟು ಅಪರಿಚಿತರೊಡನೆ ಮಾತಾಡುತ್ತಾರೆ. ಎರಡನ್ನೂ ವಿಡಿಯೊ ಮಾಡಲಾಗುತ್ತದೆ. ತಾನು ಹೇಗೆ ಕಂಡಿರಬಹುದೆಂದು ಮೊದಲು ವಿವರಿಸಿ, ಬಳಿಕ ವಿಡಿಯೊ ನೋಡಿದಾಗ ಕಲ್ಪನೆಗೂ ವಾಸ್ತವಕ್ಕೂ ಇರುವ ಅಂತರ ಕಣ್ಣಿಗೆ ರಾಚುತ್ತದೆ. ಆಮೇಲಿನ ಪ್ರಯೋಗಗಳು ನಡೆಯುವುದು ಬೀದಿಯಲ್ಲಿ: ಬೆವರಿಗೆ ಹೆದರುವವರು ಬೇಕೆಂದೇ ಕಂಕುಳಿಗೆ ನೀರು ಹಚ್ಚಿಕೊಂಡು ಅಂಗಡಿಗೆ ಹೋಗಿ, ಯಾರಾದರೂ ಗಮನಿಸುತ್ತಾರೆಯೇ ಎಂದು ತಾವೇ ಪರೀಕ್ಷಿಸುತ್ತಾರೆ.

ಕ್ಲಾರ್ಕ್ ಇದನ್ನು ಕಠಿಣ ಪರೀಕ್ಷೆಗೆ ಒಡ್ಡಿದರು. 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 60 ರೋಗಿಗಳಿದ್ದರು. ಅದರಲ್ಲಿ ಈ ಚಿಕಿತ್ಸೆ ಖಿನ್ನತೆಗೆ ಕೊಡುವ ಫ್ಲೂಆಕ್ಸೆಟಿನ್ ಮಾತ್ರೆಗಿಂತ ಉತ್ತಮ ಫಲ ಕೊಟ್ಟಿತು. ವರ್ಷದ ನಂತರವೂ ಗುಣ ಉಳಿದಿತ್ತು. 2013ರಲ್ಲಿ ಬ್ರಿಟನ್ನಿನ ‘ನೈಸ್’ ಸಂಸ್ಥೆ ತನ್ನ ಚಿಕಿತ್ಸಾ ಮಾರ್ಗಸೂಚಿಯಲ್ಲಿ ಈ ಮಾದರಿಯನ್ನೂ ಶಿಫಾರಸು ಮಾಡಿತು.

ಸಂಶೋಧನೆ ಪತ್ರಿಕೆಗಳಲ್ಲೇ ಉಳಿಯಬಾರದೆಂಬ ಕಾಳಜಿ ಕ್ಲಾರ್ಕ್ ಅವರದು. ಅರ್ಥಶಾಸ್ತ್ರಜ್ಞ ರಿಚರ್ಡ್ ಲೇಯರ್ಡ್ ಜೊತೆ ಸೇರಿ ಅವರು ಸರ್ಕಾರದ ಮನವೊಲಿಸಿದರು. 2008ರಲ್ಲಿ ಇಂಗ್ಲೆಂಡಿನಾದ್ಯಂತ ಆರಂಭವಾದ ಉಚಿತ ಮಾತಿನ ಚಿಕಿತ್ಸಾ ಸೇವೆ ಅದರ ಫಲ. ಅಲ್ಲಿ ಪ್ರತಿ ಭೇಟಿಯಲ್ಲೂ ರೋಗಿಯ ಸ್ಥಿತಿಯನ್ನು ಅಳೆದು ದಾಖಲಿಸುತ್ತಾರೆ.

‘ಮುಜುಗರದ ಹುಡುಗ’, ‘ಮಾತೇ ಆಡದ ಹುಡುಗಿ’ ಎಂದು ನಮ್ಮ ಮನೆಗಳಲ್ಲೂ ಎಷ್ಟೋ ಮಕ್ಕಳಿಗೆ ಹಣೆಪಟ್ಟಿ ಹಚ್ಚುತ್ತೇವೆ. ಅವರ ಸಂಕಟ ಶಾಲೆ, ಕೆಲಸ, ಒಡನಾಟಗಳನ್ನು ತಪ್ಪಿಸುವ ಮಟ್ಟಕ್ಕೆ ಹೋಗಿದ್ದರೆ ಗದರಿಸಬೇಡಿ, ಕಾಯುತ್ತಲೂ ಕೂರಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಉಚಿತ ಸಲಹೆ ಸಿಗುತ್ತದೆ. ಈ ಭಯಕ್ಕೆ ಚಿಕಿತ್ಸೆ ಇದೆ.