ಮೇಣದ ಸಿಲಿಂಡರಿನ ದನಿ ಕೆಟ್ಟಾಗ: ಹಳೆಯ ಫೊನೊಗ್ರಾಫ್ ಇರುವ ಮನೆಗಳ ಗಮನಕ್ಕೆ

ಕಲೂರ್, ಕೊಚ್ಚಿ: ಇಲ್ಲಿನ ಕನ್ನಡ ಕುಟುಂಬವೊಂದರ ಅಟ್ಟದಿಂದ ಕಳೆದ ಮಳೆಗಾಲದ ಕೊನೆಯಲ್ಲಿ ಎಡಿಸನ್ ಕಂಪೆನಿಯ ಸಿಲಿಂಡರ್ ಫೊನೊಗ್ರಾಫ್ ಒಂದು ಕೆಳಗಿಳಿಯಿತು. ಉಡುಪಿಯ ಕಡೆಯಿಂದ ಹೋಟೆಲ್ ಉದ್ಯಮಕ್ಕಾಗಿ ಬಂದು ನೆಲೆಸಿದ ಹಿರಿಯರ ಕಾಲದ ವಸ್ತುವದು. ಜೊತೆಗೆ ಒಂಬತ್ತು ಸಿಲಿಂಡರುಗಳಿದ್ದವು. ಎಂಟಕ್ಕೆ ಕಂಪೆನಿಯ ಮುದ್ರಿತ ಹೆಸರು. ಒಂಬತ್ತನೆಯದು ಕಂದು ಮೇಣದ್ದು, ಅದರ ಡಬ್ಬಿಯ ಮೇಲೆ ಪೆನ್ಸಿಲಿನಲ್ಲಿ ‘ದೊಡ್ಡಮ್ಮ’ ಎಂದಷ್ಟೇ ಬರೆದಿತ್ತು. ದನಿ ನಡುಗುತ್ತಿದೆ, ನಡುನಡುವೆ ಗೊರಗುಟ್ಟುತ್ತಿದೆ, ಬಂದು ನೋಡಬೇಕೆಂದು ನನಗೆ ಕರೆ ಬಂದಿತು. ನಾನು ತಲುಪುವಷ್ಟರಲ್ಲಿ ಆ ಒಂಬತ್ತನೆಯದನ್ನು ನಾಲ್ಕು ಸಲ ನುಡಿಸಲಾಗಿತ್ತು. ಮೊದಲ ಸಲ ಹೆಂಗಸೊಬ್ಬರು ಹಾಡುವುದು ಕೇಳಿಸಿತ್ತಂತೆ. ನಾಲ್ಕನೆಯ ಸಲ ಉಳಿದದ್ದು ಉಜ್ಜುವ ಸದ್ದು ಮಾತ್ರ.

ಯಂತ್ರದ ರಿಪ್ರೊಡ್ಯೂಸರ್, ಅಂದರೆ ಮುಳ್ಳು ಮತ್ತು ಪೊರೆಗಳಿರುವ ಗುಂಡನೆಯ ಭಾಗ, ವಜ್ರದ ಮುಳ್ಳಿನದಾಗಿತ್ತು. ಅನರ್ಥಕ್ಕೆ ಕಾರಣ ಅದೇ. ಇತರ ಮನೆಗಳಲ್ಲಿಯೂ ಹೀಗಾಗದಿರಲೆಂದು ಈ ವಿಷಯವನ್ನು ತುಸು ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮ ದೇಶದಲ್ಲಿ 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಧ್ವನಿಮುದ್ರಣವಾದ ಬಳಿಕ ತಟ್ಟೆಯಾಕಾರದ ರೆಕಾರ್ಡುಗಳೇ ಮೆರೆದವು. ಹೀಗಾಗಿ ಗ್ರಾಮಫೋನನ್ನು ಬಲ್ಲ ಮೆಕ್ಯಾನಿಕರು ಸಿಗುತ್ತಾರೆ, ಸಿಲಿಂಡರ್ ಯಂತ್ರವನ್ನು ಬಲ್ಲವರು ವಿರಳ. ಇವೆರಡರ ನಡುವೆ ಮೂಲಭೂತ ವ್ಯತ್ಯಾಸವಿದೆ. ತಟ್ಟೆಯ ಗೆರೆಯಲ್ಲಿ ಮುಳ್ಳು ಎಡಬಲಕ್ಕೆ ಅಲುಗುತ್ತದೆ, ಗೆರೆಯೇ ಅದನ್ನು ಮುಂದಕ್ಕೆ ಎಳೆಯುತ್ತದೆ. ಸಿಲಿಂಡರಿನಲ್ಲಿ ಮುಳ್ಳು ಗುಡ್ಡ ಹತ್ತಿಳಿದಂತೆ ಮೇಲೆ ಕೆಳಗೆ ಅಲುಗುತ್ತದೆ. ಅದನ್ನು ಮುಂದೊಯ್ಯುವುದು ಸಣ್ಣ ಮರೆಗಳುಳ್ಳ ಒಂದು ತಿರುಪು ದಂಡ. ಎಲ್ಲಕ್ಕಿಂತ ಮುಖ್ಯವಾಗಿ, ಎಡಿಸನ್ನನ ಹಲವು ಯಂತ್ರಗಳು ಧ್ವನಿಯನ್ನು ನುಡಿಸುವುದಷ್ಟೇ ಅಲ್ಲದೆ ಮನೆಯಲ್ಲಿಯೇ ಮುದ್ರಿಸಿಕೊಳ್ಳಲೂ ಬಲ್ಲವಾಗಿದ್ದವು. ಮನೆಯಲ್ಲಿ ಮುದ್ರಿಸಿದ ಸಿಲಿಂಡರಿಗೆ ಜಗತ್ತಿನಲ್ಲಿ ಬೇರೆ ಪ್ರತಿಯಿಲ್ಲ.

ಆದ್ದರಿಂದ ದನಿ ಸರಿಯಿಲ್ಲವೆಂದಾಗ ಮೊದಲು ಪೆಟ್ಟಿಗೆಯಲ್ಲಿರುವ ಸಿಲಿಂಡರುಗಳನ್ನು ವಿಂಗಡಿಸಬೇಕು. ಕಂದು ಅಥವಾ ಕಪ್ಪು ಬಣ್ಣದವು ಮೇಣದವು. ನೀಲಿಯವು ಹೆಚ್ಚಾಗಿ ಎಡಿಸನ್ ಕಂಪೆನಿ 1912ರಿಂದ 1929ರವರೆಗೆ ತಯಾರಿಸಿದ ‘ಬ್ಲೂ ಅಂಬೆರಾಲ್’ಗಳು, ಹೊರಮೈ ಸೆಲ್ಯುಲಾಯ್ಡ್, ಒಳಗೆ ಪ್ಲಾಸ್ಟರ್ ಆಫ್ ಪ್ಯಾರಿಸ್. ವಜ್ರದ ಮುಳ್ಳು ಈ ನೀಲಿಯವಕ್ಕೆ ಮಾತ್ರ. ಮೇಣದವಕ್ಕೆ ನೀಲಮಣಿಯ ಮುಳ್ಳೇ ಆಗಬೇಕು. ಮೇಣದಲ್ಲಿಯೂ ಎರಡು ಬಗೆ: ಅಂಗುಲಕ್ಕೆ 100 ಗೆರೆಗಳಿರುವ ಎರಡು ನಿಮಿಷದವು, 1908ರಲ್ಲಿ ಬಂದ 200 ಗೆರೆಗಳ ನಾಲ್ಕು ನಿಮಿಷದವು. ಎಡಿಸನ್ ರಿಪ್ರೊಡ್ಯೂಸರಿನ ಮೇಲೆ ಕೆತ್ತಿರುವ ಅಕ್ಷರವನ್ನು ಭೂತಗನ್ನಡಿಯಲ್ಲಿ ಓದಿರಿ: ‘ಸಿ’ ಎರಡು ನಿಮಿಷಕ್ಕೆ, ‘ಎಚ್’ ನಾಲ್ಕು ನಿಮಿಷಕ್ಕೆ. ಎರಡು ನಿಮಿಷದ ಗಿಯರಿನಲ್ಲಿ ನಾಲ್ಕು ನಿಮಿಷದ ಸಿಲಿಂಡರನ್ನು ಇಟ್ಟರೆ ಹಾಡು ಹಾರಿ ಹಾರಿ ಓಡುತ್ತದೆ. ಅದನ್ನು ಯಂತ್ರದ ದೋಷವೆಂದು ತಿಳಿದು ತಿರುಪು ಬಿಚ್ಚಲು ಕುಳಿತವರನ್ನು ಕಂಡಿದ್ದೇನೆ.

ಪರೀಕ್ಷೆಗೆ ಕಂಪೆನಿಯ ಮುದ್ರಿತ ಸಿಲಿಂಡರುಗಳಲ್ಲಿ ತೀರ ಸಾಧಾರಣವಾದುದನ್ನು ಬಳಸಿರಿ. ಇನ್ನೊಂದನ್ನು ಇಟ್ಟಾಗಲೂ ಅದೇ ತೊಂದರೆ ಕಂಡರೆ ದೋಷ ಯಂತ್ರದಲ್ಲಿದೆ, ಇಲ್ಲವಾದರೆ ಸಿಲಿಂಡರಿನಲ್ಲಿದೆ.

ದನಿ ನಡುಗುವುದಕ್ಕೆ ಸಾಮಾನ್ಯವಾಗಿ ವೇಗವೇ ಕಾರಣ. 1902ರ ಸುಮಾರಿನಿಂದ ರೂಢಿಗೆ ಬಂದ ವೇಗ ನಿಮಿಷಕ್ಕೆ 160 ಸುತ್ತು. ಸಿಲಿಂಡರಿನ ಅಂಚಿಗೆ ಕಾಗದದ ಚೂರೊಂದನ್ನು ಸಿಕ್ಕಿಸಿ, ಮುಳ್ಳನ್ನು ಇಳಿಸಿ, ಗಡಿಯಾರ ನೋಡುತ್ತ ಎಣಿಸಿರಿ. 15 ಸೆಕೆಂಡಿಗೆ 40 ಸುತ್ತು ಬಂದರೆ ಸರಿ. ಮುಳ್ಳು ಇಳಿಸಿದೊಡನೆ ಸಿಲಿಂಡರ್ ನಿಧಾನವಾಗಿ, ಒಳಗಿನ ಗವರ್ನರ್ ಮಾತ್ರ ಮೊದಲಿನ ವೇಗದಲ್ಲಿಯೇ ಸುತ್ತುತ್ತಿದ್ದರೆ ಚರ್ಮದ ಬೆಲ್ಟ್ ಜಾರುತ್ತಿದೆ ಎಂದರ್ಥ. ಮಲಯಾಳಿಗಳ ಕರ್ಕಟಕ ಮಾಸ, ನಮ್ಮವರ ಆಟಿ ತಿಂಗಳು, ಈ ಬೆಲ್ಟಿನ ಶತ್ರು. ತೇವಕ್ಕೆ ಚರ್ಮ ಸಡಿಲವಾಗುತ್ತದೆ; ಬಿಗಿಗೊಳಿಸಿದರೆ ಸಾಕು. ಎರಡೂ ಒಟ್ಟಿಗೆ ನಿಧಾನವಾದರೆ ಹಳೆಯ ಗ್ರೀಸ್ ಗಟ್ಟಿಯಾಗಿ ಕುಳಿತಿದೆ. ಕಲೂರಿನ ಆ ಮನೆಯಲ್ಲಿ ಗವರ್ನರಿಗೆ ತೆಂಗಿನೆಣ್ಣೆ ಬಿಟ್ಟಿದ್ದರು! ಕೇರಳದಲ್ಲಿ ಕೈಗೆ ಮೊದಲು ಸಿಗುವುದು ಅದೇ ಆದರೂ ಯಂತ್ರಕ್ಕದು ಸಲ್ಲದು, ಅಂಟಾಗಿ ಕೂರುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಒಂದೆರಡು ಹನಿ ಸಾಕು. ಸ್ಪ್ರಿಂಗಿನ ಡಬ್ಬಿಯನ್ನು ಮಾತ್ರ ಮನೆಯಲ್ಲಿ ತೆರೆಯಲೇಬಾರದು. ಬಿಗಿದ ಸ್ಪ್ರಿಂಗ್ ಚಿಮ್ಮಿದರೆ ಕೈಬೆರಳಿಗೆ ಅಪಾಯ.

ಒಂದೇ ಸಾಲು ಮತ್ತೆ ಮತ್ತೆ ಬರುತ್ತಿದ್ದರೆ ತಿರುಪು ದಂಡವನ್ನು ಕಚ್ಚಿ ಹಿಡಿಯುವ ಅರ್ಧ ನಟ್ಟಿನ ಹಲ್ಲುಗಳನ್ನು ನೋಡಬೇಕು. ಹಲವೊಮ್ಮೆ ಹಲ್ಲು ಸವೆದಿರುವುದಿಲ್ಲ, ಕೊಳೆ ತುಂಬಿರುತ್ತದೆ. ಮೃದುವಾದ ಬ್ರಷ್ಷಿನಿಂದ ತೆಗೆದರೆ ಸರಿಹೋಗುತ್ತದೆ.

ಗೊರಗುಟ್ಟುವ, ಕಿರುಚುವ ದನಿಯ ಮೂಲ ಹೆಚ್ಚಾಗಿ ರಿಪ್ರೊಡ್ಯೂಸರಿನಲ್ಲಿಯೇ ಇರುತ್ತದೆ. ಅಭ್ರಕದ ಅಥವಾ ತಾಮ್ರದ ತೆಳು ಪೊರೆಯನ್ನು ರಬ್ಬರಿನ ಬಳೆಗಳು ಹಿಡಿದಿರುತ್ತವೆ. ನೂರು ವರ್ಷದ ರಬ್ಬರು ಕಲ್ಲಿನಂತಾಗುತ್ತದೆ. ಉಗುರಿನಿಂದ ಒತ್ತಿದರೆ ತಗ್ಗದ ಬಳೆಯನ್ನು ಬದಲಿಸಲೇಬೇಕು. ದನಿ ಕ್ಷೀಣವಾಗಿದ್ದರೆ ತುತ್ತೂರಿಗೆ ಜೋಡಿಸುವ ರಬ್ಬರ್ ಕೊಳವೆ ಬಿರಿದಿದೆಯೇ ಎಂದೂ ನೋಡಿರಿ. ಇನ್ನು ಮುಳ್ಳು: ಭೂತಗನ್ನಡಿಯಲ್ಲಿ ಅಂಚು ಮುಕ್ಕಾಗಿ ಕಂಡರೆ ಅದನ್ನು ಮತ್ತೆ ಸಿಲಿಂಡರಿನ ಮೇಲೆ ಇಳಿಸಬಾರದು. ಅದು ಉಳಿಯಂತೆ ಕೆತ್ತುತ್ತದೆ.

ಸಿಲಿಂಡರಿನದೇ ದೋಷವಾದರೆ ಕೇರಳದಲ್ಲಿ ಮೊದಲ ಅನುಮಾನ ಬೂಷ್ಟಿನ ಮೇಲೆ. ಮೇಣವೆಂದು ಕರೆದರೂ ಈ ವಸ್ತು ಜೇನುಮೇಣವಲ್ಲ, ಒಂದು ಬಗೆಯ ಲೋಹದ ಸಾಬೂನು. ಬೂಷ್ಟಿಗೆ ಅದು ಆಹಾರ. ಬಿಳಿಯ ಚುಕ್ಕೆಗಳು, ಬೇರಿನಂಥ ಗೆರೆಗಳು ಕಂಡಲ್ಲೆಲ್ಲ ಒಗ್ಗರಣೆ ಸಿಡಿಯುವಂಥ ಚಟಪಟ ಸದ್ದು ಬರುತ್ತದೆ. ತಿಂದು ಹೋದ ಗೆರೆ ಮರಳುವುದಿಲ್ಲ. ಸ್ಪಿರಿಟ್ ಹಾಕಿ ಒರೆಸುವುದು ತಪ್ಪು; ಮೂಗಿಗೆ ಬಟ್ಟೆ ಕಟ್ಟಿಕೊಂಡು ಒಣ ಬ್ರಷ್ಷಿನಿಂದ ಮೆಲ್ಲನೆ ತೆಗೆಯಬಹುದಷ್ಟೆ. ತೇವ ಹೀರುವ ಹಳೆಯ ಡಬ್ಬಿಯಿಂದ ಹೊರತೆಗೆದು, ಒಣಗಿದ ಕಪಾಟಿನಲ್ಲಿ, ಮಲಗಿಸದೆ ನಿಲ್ಲಿಸಿ ಇಡಬೇಕು. ಎತ್ತುವಾಗ ಹೊರಮೈಯನ್ನು ಮುಟ್ಟದೆ ಎರಡು ಬೆರಳುಗಳನ್ನು ಒಳಗೆ ಹಾಕಿ ಅಗಲಿಸಿ ಹಿಡಿಯಬೇಕು.

ನೀಲಿ ಸಿಲಿಂಡರಿನ ಕಷ್ಟ ಬೇರೆ. ಒಳಗಿನ ಪ್ಲಾಸ್ಟರ್ ತೇವಕ್ಕೆ ಊದಿಕೊಂಡು, ಯಂತ್ರದ ಉರುಳೆಯ ಮೇಲೆ ಪೂರ್ತಿ ಕೂರುವುದಿಲ್ಲ. ಒತ್ತಿದರೆ ಸಿಲಿಂಡರ್ ಸೀಳುತ್ತದೆ. ಉಬ್ಬಿದ ಪ್ಲಾಸ್ಟರನ್ನು ಉಪ್ಪುಕಾಗದದಿಂದ ಸ್ವಲ್ಪ ಸ್ವಲ್ಪವಾಗಿ ಸವರುವುದೊಂದೇ ದಾರಿ.

ಮನೆಯಲ್ಲಿ ಮುದ್ರಿಸಿದ ಸಿಲಿಂಡರ್ ಸಿಕ್ಕರೆ ಕುತೂಹಲಕ್ಕೂ ಅದನ್ನು ನುಡಿಸದಿರುವುದೇ ಲೇಸೆಂದು ನನ್ನ ಅಭಿಪ್ರಾಯ. ಅಮೆರಿಕದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯದ ಕಾರ್ಲ್ ಹೇಬರ್ ಮತ್ತು ಸಹೋದ್ಯೋಗಿಗಳು 2000ರ ದಶಕದಲ್ಲಿ ರೂಪಿಸಿದ ವಿಧಾನವು ಗೆರೆಗಳನ್ನು ಮುಟ್ಟದೆ, ಬೆಳಕಿನಿಂದ ಅಳೆದು, ಗಣಕಯಂತ್ರದಲ್ಲಿ ಧ್ವನಿಯನ್ನು ಮರಳಿ ಪಡೆಯುತ್ತದೆ. ವೆಚ್ಚವೂ ಕಾಯುವಿಕೆಯೂ ಇದ್ದದ್ದೇ. ಯಂತ್ರಗಳ ಬಗೆಗೆ ತಿಳಿಯಬಯಸುವವರು ಕೊಟ್ಟಾಯಂ ಜಿಲ್ಲೆಯ ಪ್ಲಾಶನಾಲ್‌ನಲ್ಲಿ ಸನ್ನಿ ಮ್ಯಾಥ್ಯೂ ಅವರು ಕಟ್ಟಿದ ಗ್ರಾಮಫೋನ್ ವಸ್ತುಸಂಗ್ರಹಾಲಯದ ಬಗ್ಗೆ ವಿಚಾರಿಸಬಹುದು.

ಕಲೂರಿನ ಯಂತ್ರಕ್ಕೆ ಈಗ ‘ಸಿ’ ರಿಪ್ರೊಡ್ಯೂಸರ್, ಹೊಸ ರಬ್ಬರ್ ಬಳೆ, ಬಿಗಿಯಾದ ಬೆಲ್ಟ್ ಬಂದಿವೆ. ಕಪ್ಪು ಮೇಣದವು ಚೆನ್ನಾಗಿಯೇ ಹಾಡುತ್ತಿವೆ. ‘ದೊಡ್ಡಮ್ಮ’ನ ಸಿಲಿಂಡರ್ ಕಪಾಟಿನಲ್ಲಿ ನಿಂತಿದೆ. ಅದರ ಕೊನೆಯ ಅರ್ಧ ಅಂಗುಲಕ್ಕೆ ವಜ್ರದ ಮುಳ್ಳು ತಲುಪಿರಲಿಲ್ಲ. ಅಲ್ಲಿನ ಗೆರೆಗಳು ಭೂತಗನ್ನಡಿಯಲ್ಲಿ ಸ್ಪಷ್ಟವಾಗಿ ಕಾಣುತ್ತವೆ.